ಹಗೇವಿನ ಮುದುಕಿ

ನಮ್ಮ ಮನೆಯಲ್ಲಿ ಎತ್ತುಗಳಿಗೆ ಕಾಯಂ ಜಾಗ ಇತ್ತು, ಆಯಿಗೆ ಇರಲಿಲ್ಲ. ಆಯಿ ಅಂದರೆ ನಮ್ಮ ಅಪ್ಪನ ತಾಯಿ. ರಾಜೂರಿನಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದಕ್ಕೆ ದಂದಕ್ಕಿ ಅನ್ನುತ್ತೇವೆ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ಹಿಂದೆ ಅಡುಗೆ ಮನೆ. ಅಷ್ಟೇ ಮನೆ. ನಾನು ಸಣ್ಣವನಿದ್ದಾಗ ಆಯಿಯ ಹೊರಸು, ಅಂದರೆ ಹುರಿಯ ಮಂಚ, ಪಡಸಾಲೆಯ ನಡುವೆ ಇತ್ತು. ಬಂದವರು ಆಕೆಯನ್ನು ಮಾತಾಡಿಸದೆ ಒಳಗೆ ಹೋಗುವಂತಿರಲಿಲ್ಲ. ಟಿವಿ ಬಂತು, ಹೊರಸು ಗೋಡೆಗೆ ಸರಿಯಿತು. ಅಕ್ಕ ದೊಡ್ಡವಳಾದಳು, ಅವಳ ಟ್ರಂಕು ಕನ್ನಡಿ ಬಂದವು, ಹೊರಸು ಜೋಳದ ಚೀಲಗಳ ಸಂದಿಗೆ ಹೋಯಿತು. ನಾನು ಒಂಬತ್ತನೇ ಇಯತ್ತೆ ಫೇಲಾದ ವರ್ಷ ಅದು ಮೆಟ್ಟಿಲು ಇಳಿದು ದಂದಕ್ಕಿಗೆ ಬಂತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಎತ್ತಿನ ಗೋದಲಿ. ಇಳಿಸಿದವನು ನಾನೇ. ಇನ್ನೊಂದು ತುದಿ ಹಿಡಿದವನು ಅಣ್ಣ ಮಂಜ. ಆಯಿ ತನ್ನ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಸಿನ ಹಿಂದೆ ನಡೆದು ಬಂದಳು.

"ಇನ್ನೊಂದ್ ವರ್ಷಕ್ಕ ಬಾಗಲಾ ದಾಟಸ್ತೀರಿ," ಅಂದಳು.

"ಬಾಗಲಾ ದಾಟಿದ್ರ ಗಾಳಿ ಚಲೋ ಬರ್ತೈತಿ ತಗೋ ಆಯಿ," ಅಂದ ಮಂಜ. ನಾವಿಬ್ಬರೂ ನಕ್ಕೆವು.

ಮುದುಕರ ಬಗ್ಗೆ ಬರೆಯುವವರು ಬೊಚ್ಚು ಬಾಯಿ, ಮೆತ್ತನೆ ಕೈ, ಬೆಳದಿಂಗಳು, ಕಥೆ ಅಂತೆಲ್ಲ ಬರೆಯುತ್ತಾರೆ. ನಮ್ಮ ಆಯಿಯ ಬಾಯಿ ಬೊಚ್ಚಾಗಿದ್ದದ್ದು ಖರೆ, ಆದರೆ ಅದರಿಂದ ಬರುತ್ತಿದ್ದದ್ದು ಬೈಗುಳ. ವಸಡಿಗೆ ತಪಕೀರು ತಿಕ್ಕುತ್ತಿದ್ದಳು, ಆ ಹೊಗೆಸೊಪ್ಪಿನ ಪುಡಿಯ ವಾಸನೆ ಕೌದಿಗೂ ಹತ್ತಿತ್ತು. ಡಬ್ಬಿಯಿಂದ ಬೆಲ್ಲ ಕದಿಯುತ್ತಿದ್ದಳು, ಕೇಳಿದರೆ ನನ್ನ ಮೇಲೆ ಹಾಕುತ್ತಿದ್ದಳು. ನಾನು ಆಕೆಯನ್ನು ಪ್ರೀತಿಸುತ್ತಿರಲಿಲ್ಲ. ಆಕೆಯೂ ನನ್ನನ್ನು ಪ್ರೀತಿಸುತ್ತಿದ್ದಳು ಅನ್ನಲು ನನ್ನ ಹತ್ತಿರ ಪುರಾವೆ ಇಲ್ಲ. ಮನೆಯಲ್ಲಿ ದಿನಾ ಜಗಳ ಇತ್ತು, ಅದು ಬಹಳ ಮಟ್ಟಿಗೆ ಊಟದ ಹೊತ್ತಿಗೆ ಏಳುತ್ತಿತ್ತು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಿಸಿ ರೊಟ್ಟಿ ಅಪ್ಪನಿಗೆ, ಆಮೇಲೆ ಮಂಜನಿಗೆ, ಆಮೇಲೆ ನನಗೆ. ಆಯಿಯ ತಾಟಿಗೆ ಬೀಳುತ್ತಿದ್ದದ್ದು ನಿನ್ನೆಯದೋ ಮೊನ್ನೆಯದೋ ಒಣಗಿ ಹಪ್ಪಳದಂತಾದ ಕಟಕ್ ರೊಟ್ಟಿ. ಹಲ್ಲಿಲ್ಲದವಳಿಗೆ ಕಟಕ್ ರೊಟ್ಟಿ. ಆಯಿ ಎಲೆ ಅಡಿಕೆ ಕುಟ್ಟುವ ತನ್ನ ಸಣ್ಣ ಕಬ್ಬಿಣದ ಕುಟ್ಟಾಣಿಯಲ್ಲಿ ಅದನ್ನು ಮುರಿದು ಹಾಕಿ ಕುಟ್ಟಿ, ಪುಡಿ ಮಾಡಿ, ಬೇಳೆ ಸಾರು ಸುರಿದು ನೆನೆಸಿ ತಿನ್ನುತ್ತಿದ್ದಳು. ನಾವು ಉಣ್ಣುವಷ್ಟು ಹೊತ್ತೂ ಟಣ್ ಟಣ್ ಟಣ್. ಟಿವಿಯ ಮಾತು ಕೇಳುತ್ತಿರಲಿಲ್ಲ.

"ಆ ಕುಟ್ಟಾಣಿ ಒಂದಿನ ಹಳ್ಳಕ್ಕ ಒಗದು ಬರ್ತೀನಿ ನೋಡು," ಅನ್ನುತ್ತಿದ್ದ ಮಂಜ.

"ಒಗಿ. ನಿಮ್ಮವ್ವ ಬಿಸಿ ರೊಟ್ಟಿ ಕೊಟ್ಟ ದಿನಾ ಒಗಿ," ಅನ್ನುತ್ತಿದ್ದಳು ಆಯಿ.

ಅವ್ವ ತವೆಯಿಂದ ತಲೆ ಎತ್ತದೆ ಉತ್ತರ ಕೊಡುತ್ತಿದ್ದಳು.

"ಅತ್ತೀರಿ, ಬಿಸಿದು ಕೊಟ್ರೂ ಕುಟ್ಟತೀರಿ, ತಣ್ಣಂದು ಕೊಟ್ರೂ ಕುಟ್ಟತೀರಿ. ಮತ್ತ ಬಿಸಿದು ಯಾಕ್ ಹಾಳ್ ಮಾಡ್ಲಿ?"

ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನ ಮುಂದೆ ಬಿಸಿ ರೊಟ್ಟಿ ಇರುತ್ತಿತ್ತಲ್ಲ.

ಮುಖದ ಮುಂದೆ ಒದರದಿದ್ದರೆ ಆಯಿಗೆ ಕಿವಿ ಕೇಳುವುದಿಲ್ಲ ಅಂತ ಮನೆಯವರೆಲ್ಲ ನಂಬಿದ್ದರು. ಹಾಗಾಗಿ ಆಕೆಯ ಮುಂದೆಯೇ ಆಕೆಯ ಬಗ್ಗೆ ಮಾತಾಡುತ್ತಿದ್ದೆವು, ಎತ್ತಿನ ಮುಂದೆ ಎತ್ತಿನ ಬಗ್ಗೆ ಮಾತಾಡಿದ ಹಾಗೆ. ಎಷ್ಟು ದಿನ ಇರಬಹುದು, ಸತ್ತರೆ ದಂದಕ್ಕಿಯ ಆ ಮೂಲೆಯಲ್ಲಿ ಬೈಕ್ ನಿಲ್ಲುತ್ತದೋ ಇಲ್ಲವೋ, ಇವೆಲ್ಲ ಆಕೆಯ ಹೊರಸಿನ ಪಕ್ಕ ನಿಂತೇ ಆದ ಮಾತು. ಮಂಜನ ಹತ್ತಿರ ಹೊಸ ಮೊಬೈಲು ಇತ್ತು. ಆಯಿ ಕೋಳಿಯ ಜೊತೆ ಜಗಳ ಆಡುವುದನ್ನು ಅವನು ವಿಡಿಯೋ ಮಾಡಿದ, ಅದರ ಹಿಂದೆ ಒಂದು ಹಾಡು ಹಾಕಿದ, ಗಜೇಂದ್ರಗಡದ ತನ್ನ ದೋಸ್ತರಿಗೆ ಕಳಿಸಿದ. ಆಮೇಲೆ ಬಂದ ದೋಸ್ತರೆಲ್ಲ ಬಾಗಿಲಲ್ಲೇ ನಿಂತು ಕೋಳಿಯ ಹಾಗೆ ಕೂಗುತ್ತಿದ್ದರು, ಆಯಿ ಬೈಯಲಿ ಅಂತ. ಆಯಿ ಬೈಯುತ್ತಿದ್ದಳು. ಅವರು ಅದನ್ನೂ ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ಆಕೆಗೂ ತೋರಿಸೋಣ ಅಂತ ಮೊಬೈಲನ್ನು ಮೂಗಿನ ಹತ್ತಿರ ಹಿಡಿದೆ. ಆಯಿ ಕಣ್ಣು ಕಿರಿದು ಮಾಡಿ ಕೊನೆತನಕ ನೋಡಿದಳು.

"ಯಾವ ಊರಾಕಿ ಇಕಿ?" ಅಂದಳು. "ಬಾಯಿ ಭಾಳ ಐತಿ. ಮನಿಯಾಗ ಯಾರೂ ಮಾತಾಡ್ಸೂದಿಲ್ಲ ಕಾಣ್ತೈತಿ, ಕೋಳಿ ಕೂಡ ಮಾತಾಡ್ತಾಳ."

ನಾವು ಬಿದ್ದು ಬಿದ್ದು ನಕ್ಕೆವು. ಆ ಮಾತನ್ನು ಬರೆಯುವಾಗ ಈಗ ನನಗೆ ನಗು ಬರುವುದಿಲ್ಲ. ಆವತ್ತು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅದೇ ವರ್ಷ ಶಾಲೆಯಲ್ಲಿ ಹಿರಿಯರ ದಿನ ಅಂತ ಮಾಡಿದರು. ರೋಣದಿಂದ ಯಾರೋ ಸಾಹೇಬರು ಬಂದಿದ್ದರು. ಎಲ್ಲರೂ ಅಜ್ಜ ಆಯಿಯನ್ನು ಕರೆತಂದು ಪಾದ ತೊಳೆದು ಹೂವು ಹಾಕಬೇಕು ಅಂತ ಹೇಳಿಕೆ. ನಾನು ಆಯಿಯನ್ನು ಎಳೆದುಕೊಂಡು ಹೋದೆ. ಖುರ್ಚಿಯ ಮೇಲೆ ಕೂರಿಸಿ ಸ್ಟೀಲಿನ ತಾಟಿನಲ್ಲಿ ಆಕೆಯ ಕಾಲು ಇಡಿಸಿದೆ, ನೀರು ಹಾಕಿದೆ, ಮೂಗು ಹಿಂಡಿಕೊಂಡು ತೊಳೆದೆ. ಸಾಹೇಬರು ಮೈಕಿನಲ್ಲಿ ಅರ್ಧ ತಾಸು ಮಾತಾಡಿದರು, ಹಿರಿಯರು ನಡೆದಾಡುವ ದೇವರು ಅಂದರು. ಆಯಿ ನನ್ನ ಕಡೆ ಬಗ್ಗಿ ಕೇಳಿದಳು.

"ಯಾಕ ತೊಳ್ಯಾಕತ್ತಿ? ನಾ ಇನ್ನೂ ಸತ್ತಿಲ್ಲ."

ಮರುದಿನ ಬೆಳಿಗ್ಗೆ ಅದೇ ಕೈಯಿಂದ ಆಕೆಯ ಕೋಲನ್ನು ಮೇವಿನ ಬಣವೆಯಲ್ಲಿ ಮುಚ್ಚಿಟ್ಟೆ. ಆಕೆ ಗೋಡೆ ಹಿಡಿದು ಹಿಡಿದು ಹುಡುಕುವುದನ್ನು ನಾನೂ ಮಂಜನೂ ಮಾಳಿಗೆಯ ಮೇಲೆ ಕೂತು ನೋಡಿದೆವು. ಕಾಲು ತೊಳೆಸಿ ಹುಡುಗರ ತಲೆ ತೊಳೆಯುತ್ತೇವೆ ಅಂದುಕೊಂಡವರ ಮೇಲೆ ನನಗೆ ಇವತ್ತಿಗೂ ನಂಬಿಕೆ ಇಲ್ಲ. ದೇವರು ಅಂದರೆ ಸುಲಭ. ದೇವರ ಜೊತೆ ಯಾರೂ ಕೂತು ಉಣ್ಣಬೇಕಾಗಿಲ್ಲ.

ಆಯಿಯ ಮಾತನ್ನು ನಾವು ಕೇಳುತ್ತಿರಲಿಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಆಕೆ ದಿನಕ್ಕೆ ನೂರು ಬೇಡ ಹೇಳುತ್ತಿದ್ದಳು. ಹೊಸ್ತಿಲ ಮೇಲೆ ಕೂರಬೇಡ. ಸಂಜೆ ಉಗುರು ತೆಗೆಯಬೇಡ. ಹೊರಟವನನ್ನು ಹಿಂದಿನಿಂದ ಕರೆಯಬೇಡ. ಸಿಳ್ಳೆ ಹಾಕಬೇಡ, ಹಾವು ಬರುತ್ತದೆ. ನಾನು ಬೇಕಂತಲೇ ಹೊಸ್ತಿಲ ಮೇಲೆ ಕೂತು ಸಿಳ್ಳೆ ಹಾಕುತ್ತ ಉಗುರು ತೆಗೆದಿದ್ದೇನೆ. ಏನೂ ಆಗಲಿಲ್ಲ. ಆ ನೂರರಲ್ಲಿ ತೊಂಬತ್ತೊಂಬತ್ತು ಸುಳ್ಳೇ. ಉಳಿದದ್ದು ಒಂದು ಹಗೇವಿನದು. ಹಗೇವು ಅಂದರೆ ನೆಲದಲ್ಲಿ ತೋಡಿದ ಕಾಳಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ, ಎರಡು ಆಳಿನಷ್ಟು ಆಳ. ಒಳಗೆ ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಹುಳ ಹಿಡಿಯುವುದಿಲ್ಲ. ನಮ್ಮದು ಅಂಗಳದಲ್ಲಿತ್ತು. ನಾನು ಈಗ ಗಜೇಂದ್ರಗಡದಲ್ಲಿ ಗೌಂಡಿ ಕೆಲಸ ಮಾಡುತ್ತೇನೆ. ಮುಂದೆ ಒಂದು ದಿನ ಆ ಹಗೇವನ್ನು ಕಲ್ಲು ತುಂಬಿ ಕಾಂಕ್ರೀಟ್ ಹಾಕಿ ಮುಚ್ಚಿದವನೂ ನಾನೇ. ನಾವು ಹುಟ್ಟುವ ಮೊದಲಿನಿಂದ ಅದು ಖಾಲಿ ಬಿದ್ದಿತ್ತು. ಆ ವರ್ಷ ಬೆಳೆ ಚೆನ್ನಾಗಿ ಬಂದು, ಚೀಲ ಇಡಲು ಮನೆಯಲ್ಲಿ ಜಾಗ ಸಾಲದೆ, ಅಪ್ಪ ಅರ್ಧ ಹಗೇವು ಜೋಳ ತುಂಬಿಸಿದ. ಅದನ್ನು ತುಂಬಿದ ದಿನವೇ ಆಯಿ ಶುರು ಮಾಡಿದ್ದಳು.

"ಅದರಾಗ ಒಬ್ಬಾಕಿ ಮುದುಕಿ ಕುಂತಿರ್ತಾಳ. ಹಸದಿರ್ತಾಳ. ತಗದ್ ಕೂಡ್ಲೇ ಯಾರೂ ಇಳೀಬಾರದು. ಒಂದ್ ದಿನಾ ಬಾಯಿ ತಗದು ಬಿಡಬೇಕು, ಬೇವಿನ ತಪ್ಪಲಾ ಕಟ್ಟಿ ಮ್ಯಾಲ ಕೆಳಗ ಆಡಸಬೇಕು, ಆಮ್ಯಾಲ ಕಂದೀಲ್ ಇಳಸಬೇಕು. ಆಕಿ ದೀಪಾ ನುಂಗಿದ್ರ ಇನ್ನೂ ಹಸದಾಳ ಅಂತ. ದೀಪಾ ಬಿಟ್ರ ಹೊಟ್ಟಿ ತುಂಬೈತಿ."

ಅವತ್ತಿನಿಂದ ನಾವು ಆಯಿಗೇ ಹಗೇವಿನ ಮುದುಕಿ ಅಂತ ಹೆಸರಿಟ್ಟೆವು. ಹಗೇವಿನ ಮುದುಕಿಗೆ ಚಹಾ ಕೊಡ್ರಿ. ಹಗೇವಿನ ಮುದುಕಿ ಬೆಲ್ಲ ತಿಂದಳು.

ಅಕ್ಕನ ಮದುವೆ ನಿಶ್ಚಯ ಮಾಡಲು ನರಗುಂದದ ಬೀಗರು ಬರುವವರಿದ್ದರು. ನೂರು ಜನಕ್ಕೆ ರೊಟ್ಟಿ ಆಗಬೇಕು. ಹಿಂದಿನ ದಿನ ಓಣಿಯ ಹೆಂಗಸರೆಲ್ಲ ಬಂದು ಬಡಿದುಕೊಡುವುದು ನಮ್ಮ ಕಡೆ ಪದ್ಧತಿ. ಮನೆಯ ಚೀಲದ ಜೋಳ ಮುಗಿದಿತ್ತು. ಹಗೇವು ತೆಗೆಯಿರಿ, ಮುದುಕಿ ಉಣ್ಣಲಿ ಅಂತ ಆಯಿ ಮೂರು ದಿನದಿಂದ ಹೇಳುತ್ತಿದ್ದಳು. ಯಾರೂ ತೆಗೆಯಲಿಲ್ಲ. ರೊಟ್ಟಿ ಬಡಿಯುವ ದಿನ ಬೆಳಿಗ್ಗೆ ಅಪ್ಪ ಸಂತೆಗೆ ಗಜೇಂದ್ರಗಡಕ್ಕೆ ಹೊರಡುವಾಗ ಮಂಜನಿಗೆ ಎರಡು ಚೀಲ ತೆಗೆಯಲು ಹೇಳಿದ. ಆಯಿಯನ್ನು ಕೇಳಿ ಮಾಡಿರಿ ಅಂತಲೂ ಹೇಳಿದ. ಮಂಜ ಹೂಂ ಅಂದ. ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟ್ ಹೋಗುತ್ತಿತ್ತು, ಅಷ್ಟರೊಳಗೆ ಜೋಳ ಗಿರಣಿಯಲ್ಲಿ ಇರಬೇಕು. ನಾವು ಹತ್ತು ಗಂಟೆಗೆ ಮಣ್ಣು ಕಿತ್ತೆವು, ಹಾರೆ ಹಾಕಿ ಹಾಸುಗಲ್ಲು ಎಬ್ಬಿಸಿದೆವು. ಒಳಗಿನಿಂದ ಬೆಚ್ಚಗಿನ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಮಂಜ ದಪ್ಪ, ನಾನು ಸಣ್ಣ. ಇಳಿಯುವವನು ನಾನು ಅಂತ ಆಯಿತು. ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಅಷ್ಟರಲ್ಲಿ ಆಯಿ ಬಂದಳು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಉರಿಯುವ ಕಂದೀಲು. ಸುಡುಸುಡು ಬಿಸಿಲಿನಲ್ಲಿ.

"ನೋಡ್ರಪಾ, ಹಗಲೊತ್ತಿನ್ಯಾಗ ಕಂದೀಲ್ ಹಚ್ಕೊಂಡ್ ಬಂದಾಳ. ಪೂರ್ತಿ ತಲಿ ಕೆಟ್ಟೈತಿ ಇಕಿದು," ಅಂದ ಮಂಜ.

"ಯಲ್ಲ್ಯಾ, ಇಳೀಬ್ಯಾಡ. ಮೊದ್ಲ ಇದನ್ನ ಇಳಸು."

"ಆಕಿಗೂ ರೊಟ್ಟಿ ಕುಟ್ಟಿ ಕೊಡಬೇಕೇನ್ ಆಯಿ?" ಅಂದೆ ನಾನು.

"ನಗಬ್ಯಾಡ್ರಲೇ. ನಾಳೆ ನಕ್ಕೀರಂತ. ಇವತ್ತ ಇಳೀಬ್ಯಾಡ್ರಿ."

"ನಾಳೆ ಬೀಗರ ಮುಂದ ಏನ್ ಇಡೂದು, ನಿನ್ನ ಕುಟ್ಟಾಣಿ ಇಡೂದೇನ್? ಸರಿ ಅತ್ಲಾಗ, ಕರೆಂಟ್ ಹೋಗ್ತೈತಿ," ಅಂದ ಮಂಜ.

ಆಯಿ ಸರಿಯಲಿಲ್ಲ. ಕೋಲು ಒಗೆದು ಹಗೇವಿನ ಬಾಯಿಯ ಅಂಚಿಗೆ ಕೂತಳು, ಎರಡೂ ಕಾಲನ್ನು ಆಚೆಯ ಅಂಚಿಗೆ ಚಾಚಿ ಅಡ್ಡಗಟ್ಟಿದಳು. ಕಂದೀಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವ್ವ ಒಳಗಿನಿಂದಲೇ ಕೂಗಿದಳು, ಅತ್ತೀರಿ ನಿಮ್ಮ ನಾಟಕ ಇವತ್ತು ಬೇಡ್ರಿ ಅಂತ. ಓಣಿಯ ಜನ ಬಾಗಿಲಿಗೆ ಬಂದು ನಿಂತರು, ಕೆಲವರು ನಕ್ಕರು. ಜನ ನಕ್ಕದ್ದು ನನ್ನನ್ನು ನೋಡಿ ಅಂತ ನನಗೆ ಅನಿಸಿತು. ಇಷ್ಟು ದೊಡ್ಡವನಾಗಿ ಒಬ್ಬ ಮುದುಕಿಯನ್ನು ಎಬ್ಬಿಸಲಾರದೆ ನಿಂತಿದ್ದಾನೆ ಅಂತ. ನಾನು ಆಕೆಯ ಬಲಗೈ ಹಿಡಿದೆ. ಎಬ್ಬಿಸಲಿಲ್ಲ, ಎಳೆದೆ. ಚೀಲ ಎಳೆದ ಹಾಗೆ. ಒಣಗಿದ ಜೋಳದ ದಂಟು ಮುರಿದ ಸದ್ದು ಬಂತು. ಆಯಿ ಪಕ್ಕಕ್ಕೆ ಬಿದ್ದಳು, ಮುಂಗೈ ಇರಬಾರದ ಕಡೆ ತಿರುಗಿತ್ತು. ಕಂದೀಲು ಉರುಳಿ ಹಗೇವಿನೊಳಗೆ ಬಿತ್ತು. ನಾನು ಅದನ್ನೇ ನೋಡುತ್ತಿದ್ದೆ, ಆಯಿಯ ಮುಖ ನೋಡಲು ಧೈರ್ಯ ಇರಲಿಲ್ಲ. ಅದು ಇನ್ನೂ ಜೋಳಕ್ಕೆ ತಾಗಿರಲಿಲ್ಲ, ನಡುದಾರಿಯಲ್ಲೇ ಆರಿಹೋಯಿತು. ಆಮೇಲೆ ಕತ್ತಲಲ್ಲಿ ಧಪ್ ಅಂತ ಬಿದ್ದ ಸದ್ದು.

"ಬಿದ್ದದ್ದಕ್ಕ ಆರೈತಿ," ಅಂದ ಮಂಜ. ಆದರೆ ಅವನ ದನಿ ಬದಲಾಗಿತ್ತು.

ಆಯಿಯ ಕೂಗು ಕೇಳಿ ಅವ್ವ ಓಡಿ ಬಂದಳು. ಕೈ ನೋಡಿದಳು, ನನ್ನ ಕಪಾಳಕ್ಕೆ ಬಿಟ್ಟಳು, ಆಮೇಲೆ ಹಗೇವಿನ ಕಡೆ ನೋಡಿದಳು. ಏನೋ ಹೊಳೆದವಳ ಹಾಗೆ ಒಳಗೆ ಹೋಗಿ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ತಂತಿಗೆ ಕಟ್ಟಿಕೊಂಡು ಬಂದಳು. ಕಡ್ಡಿ ಕೊರೆದು ಹಚ್ಚಿದಳು. ಚಿಂದಿ ಭರ್ ಅಂತ ಉರಿಯಿತು. ನಿಧಾನ ಇಳಿಸಿದಳು. ಒಂದು ತೋಳಿನಷ್ಟು ಇಳಿಯುವ ತನಕ ಉರಿಯಿತು, ಅಲ್ಲಿಂದ ಕೆಳಗೆ ಯಾರೋ ಬೆರಳಿಂದ ಹಿಸುಕಿದ ಹಾಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಅಲ್ಲೇ ಆರಿತು. ಮೂರನೇ ಸಲವೂ ಅಲ್ಲೇ. ಓಣಿಯ ಜನ ನಗುವುದನ್ನು ಬಿಟ್ಟಿದ್ದರು. ನನ್ನ ಸೊಂಟದಲ್ಲಿ ಹಗ್ಗ ಇನ್ನೂ ಹಾಗೇ ಇತ್ತು. ನೆಲದ ಮೇಲೆ ಬಿದ್ದಿದ್ದ ಆಯಿ ಮುರಿದ ಕೈಯನ್ನು ಎದೆಗೆ ಅವಚಿಕೊಂಡು ತಲೆ ಎತ್ತಿದಳು.

"ಇನ್ನೂ ಹಸದಾಳ," ಅಂದಳು.

ನಾನು ಇಳಿದಿದ್ದರೆ ಸಾಯುತ್ತಿದ್ದೆ. ನಾನು ಒಳಗಿನಿಂದ ಓಗೊಡಲಿಲ್ಲ ಅಂತ ಮಂಜ ಹೇಗಾದರೂ ನುಸುಳಿ ನನ್ನ ಹಿಂದೆ ಇಳಿಯುತ್ತಿದ್ದ, ಅವನೂ ಸಾಯುತ್ತಿದ್ದ. ಇದು ತಿಳಿದ ಮೇಲೆ ನನಗೆ ಬಂದದ್ದು ಕೃತಜ್ಞತೆ ಅಲ್ಲ, ಸಿಟ್ಟು. ನಾವು ಇಷ್ಟು ದಿನ ನಕ್ಕದ್ದೆಲ್ಲ ಒಂದೇ ಏಟಿಗೆ ನಮ್ಮ ಮೇಲೆ ಬಿದ್ದಿತ್ತು, ಅದಕ್ಕೆ ಸಿಟ್ಟು. ಜೋಳವನ್ನು ಓಣಿಯವರೇ ಮನೆಮನೆಯಿಂದ ತಂದುಕೊಟ್ಟರು, ರೊಟ್ಟಿ ಆದವು, ನಿಶ್ಚಯ ಆಯಿತು. ಬೀಗರು ನೋಡಬಾರದು ಅಂತ ಆಯಿಯನ್ನು ಆ ದಿನ ಪಕ್ಕದ ಮನೆಯಲ್ಲಿ ಕೂರಿಸಿದೆವು. ಹೌದು, ಅದಾದ ಮೇಲೂ. ಕೈಗೆ ರೋಣದ ದವಾಖಾನೆಗೆ ಹೋಗೋಣ ಅಂದರೆ ಆಯಿ ಒಪ್ಪಲಿಲ್ಲ, ಅಲ್ಲಿ ಕೊಯ್ಯುತ್ತಾರೆ ಅಂತ ಹಠ. ಜಕ್ಕಲಿ ಕಡೆಯಿಂದ ಎಲುಬು ಕಟ್ಟುವವನನ್ನೇ ಕರೆಸಿ ಬಿದಿರಿನ ದಬ್ಬೆ ಕಟ್ಟಿಸಿಕೊಂಡಳು. ಕೈ ಸೊಟ್ಟಗೇ ಕೂಡಿತು. ಅದು ಆಕೆಯ ತಪ್ಪು, ಎಲ್ಲ ಸಲವೂ ಆಕೆಯದೇ ಸರಿ ಅಂತ ನಾನು ಹೇಳುತ್ತಿಲ್ಲ. ಅಪ್ಪ ನನ್ನನ್ನು ಹೊಡೆಯಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಒಂದೇ ಮಾತು ಹೇಳಿದ.

"ಇವತ್ತಿನಿಂದ ಆಕಿ ಬಲಗೈ ನೀ. ಆಕಿ ಏನ್ ಮಾಡ್ತಿದ್ಲು, ಅದನ್ನೆಲ್ಲಾ ನೀ ಮಾಡು."

ಎರಡು ತಿಂಗಳು ನಾನು ಆಯಿಯ ಬಲಗೈ ಆಗಿದ್ದೆ. ಹೊರಸಿನ ಪಕ್ಕ ಕೂತು ನಾನೇ ಕುಟ್ಟಾಣಿಯಲ್ಲಿ ರೊಟ್ಟಿ ಕುಟ್ಟಿದೆ. ಟಣ್ ಟಣ್ ಟಣ್. ಎರಡನೇ ದಿನಕ್ಕೆ ರಟ್ಟೆ ನೋಯಿತು. ಕಟಕ್ ರೊಟ್ಟಿ ಕುಟ್ಟಿದರೆ ಉಸುಕಿನ ಹಾಗಾಗುತ್ತದೆ, ಸಾರು ಹಾಕಿದರೂ ಗಂಟಲಿಗೆ ಚುಚ್ಚುತ್ತದೆ. ಬಿಸಿದನ್ನು ಕುಟ್ಟಿದರೆ ಮೆತ್ತಗೆ ಉಂಡೆ ಕಟ್ಟುತ್ತದೆ. ಇದು ನನಗೆ ತಿಳಿದದ್ದು ನಾನೇ ತಿಂದು ನೋಡಿದ ಮೇಲೆ. ನಾನು ತಾಟು ಹಿಡಿದು ಅವ್ವನ ಮುಂದೆ ನಿಂತು, ಒಲೆಯ ಮೇಲಿನದು ಕೊಡು ಅಂದೆ. ಅವ್ವ ನನ್ನನ್ನು ದಿಟ್ಟಿಸಿದಳು, ಕೊಡಲಿಲ್ಲ. ನಾನು ತವೆಯಿಂದ ಕಿತ್ತುಕೊಂಡೆ, ಬೆರಳು ಸುಟ್ಟಿತು. ಆಯಿ ಅದಕ್ಕೂ ಶಹಬ್ಬಾಸ್ ಅನ್ನಲಿಲ್ಲ, ಸಾರು ಕಮ್ಮಿ ಆಯಿತು ಅಂತ ಬೈದಳು. ನಾನೂ ತಿರುಗಿ ಬೈದೆ. ಹಾಗೆ ನಾವಿಬ್ಬರೂ ದಿನವಿಡೀ ಕಚ್ಚಾಡಿಕೊಂಡು ಇದ್ದೆವು. ಹಿಂದೆ ನಾನು ಆಕೆಯ ಬಗ್ಗೆ ಮಾತಾಡುತ್ತಿದ್ದೆ, ಈಗ ಆಕೆಯ ಜೊತೆ ಜಗಳ ಆಡುತ್ತಿದ್ದೆ. ಅದೇ ವ್ಯತ್ಯಾಸ, ಹೆಚ್ಚೇನೂ ಇಲ್ಲ. ಒಂದು ದಿನ ಸೊಳ್ಳೆ ಬಹಳ ಅಂತ ನಾನು ಹೊರಸಿನ ತಲೆದಿಂಬನ್ನು ಈ ತುದಿಯಿಂದ ಆ ತುದಿಗೆ ಹಾಕಿ ಮಲಗಿಸಿದೆ. ಎತ್ತಿಗೆ ಮೇವು ಹಾಕುತ್ತ, ಈ ಮುದುಕಿ ನನ್ನ ಜೀವ ತಿನ್ನುತ್ತಾಳೆ ಅಂತ ಗೊಣಗಿದೆ.

"ನಿನ್ನ ಜೀವದಾಗ ತಿನ್ನಾಕ ಏನೈತಿ?" ಅಂದಳು ಆಯಿ, ಕಣ್ಣು ಮುಚ್ಚಿಕೊಂಡೇ.

"ಕೇಳ್ತೈತೇನ್ ನಿನಗ?"

"ಎಡಗಿವಿ ಹೋಗೈತಿ. ಬಲಗಿವಿ ಚಲೋ ಐತಿ."

"ಮತ್ತ ಇಷ್ಟ ದಿನಾ?"

"ಬೇಕಂತನ ಗ್ವಾಡಿ ಕಡೆ ಮಾಡಿ ಮಲಗ್ತಿದ್ದೆ. ನಿಮ್ಮ ಮಾತ್ ಕೇಳಿ ಏನ್ ಮಾಡ್ಲಿ? ನಾ ಸತ್ರ ಬೈಕ್ ಎಲ್ಲಿ ನಿಂದರಸೂದು ಅನ್ನೂದು ನನಗ್ಯಾಕ ಬೇಕು?"

ನನ್ನ ಕೈಯಲ್ಲಿದ್ದ ಮೇವು ಕೈಯಲ್ಲೇ ಉಳಿಯಿತು. ಕೇಳಿದ್ದಳು. ಕೇಳಿ ಆಮೇಲೆಯೇ ಕಿವಿಯನ್ನು ಗೋಡೆಗೆ ತಿರುಗಿಸಿದ್ದಳು.

ದಬ್ಬೆ ಬಿಚ್ಚುವ ಮುಂಚೆ ಒಂದು ಮಧ್ಯಾಹ್ನ ರೊಟ್ಟಿ ಕುಟ್ಟುತ್ತ ನಾನು ಕೇಳಿದೆ. ಎರಡು ದಿನ ಬಾಯಿ ತೆಗೆದಿಟ್ಟ ಮೇಲೆ ಅಪ್ಪ ಹಗೇವಿನಿಂದ ಜೋಳ ತೆಗೆದಿದ್ದ, ಏನೂ ಆಗಿರಲಿಲ್ಲ. ಅದು ಮುಚ್ಚಿದ ಕಾಳಿನಿಂದ ಏಳುವ ಕೆಟ್ಟ ಗಾಳಿ, ಅದರಲ್ಲಿ ದೀಪವೂ ಉರಿಯುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ ಅಂತ ಶಾಲೆಯ ಸರ್ ನನಗೆ ಹೇಳಿದ್ದರು.

"ಆಯಿ, ಮುದುಕಿ ಗಿದುಕಿ ಏನೂ ಇಲ್ಲಂತ. ಅದು ಗಾಳಿ ಅಂತ."

"ನನಗ ಗೊತ್ತಿಲ್ಲೇನ್, ಗಾಳಿನ ಅದು."

"ಮತ್ತ ಗಾಳಿ ಅಂತ ಹೇಳಬೇಕಿತ್ತಿಲ್ಲ? ಮುದುಕಿ ಅಂತ ಯಾಕ್ ಹೇಳ್ದಿ?"

"ಗಾಳಿಗೆ ಯಾವ ಹುಡುಗ ಅಂಜತಾನಲೇ? ಹಿಂದ ಮುದುಕಿ ಅಂದ್ರ ಹುಡುಗ್ರು ಚಡ್ಡಿ ಹಸಿ ಮಾಡ್ಕೊಂತಿದ್ರು. ಅದಕ್ಕ ನಮ್ಮ ಹಿರ್ಯಾರು ಮುದುಕಿ ಅಂದ್ರು. ನಿಮಗ ಮುದುಕಿ ಅಂದ್ರ ನಗಿ ಬರ್ತೈತಿ. ನಂದ ತಪ್ಪಾತು. ಹುಲಿ ಅನ್ನಬೇಕಿತ್ತು."

ನಾನು ನಕ್ಕೆ. ಆಕೆ ನಗಲಿಲ್ಲ.

"ಕೊಣ್ಣೂರಾಗ, ನನ್ನ ತವರುಮನಿಯಾಗ, ನನ್ನ ತಮ್ಮ ನಿನ್ನಷ್ಟ ಇದ್ದ. ನಮ್ಮ ಆಯಿ ಬ್ಯಾಡ ಅಂದ್ಲು. ಆಕಿಗೆ ತಲಿ ಕೆಟ್ಟೈತಿ, ನೀ ಇಳಿ ಅಂದಾಕಿ ನಾನ."

ನನ್ನ ಕುಟ್ಟಾಣಿ ನಿಂತಿತು. ಪಕ್ಕದಲ್ಲಿ ಎತ್ತು ಗೊರಸು ಬಡಿಯಿತು.

"ಕುಟ್ಟು," ಅಂದಳು ಆಯಿ. "ಯಾಕ್ ನಿಂತಿ? ಹಸಿವ್ಯಾಗೈತಿ."

ಮರುವರ್ಷ ಮತ್ತೆ ಹಗೇವು ತುಂಬಿದೆವು, ಮತ್ತೆ ತೆಗೆಯುವ ದಿನ ಬಂತು. ಹಿಂದಿನ ದಿನವೇ ಹಾಸುಗಲ್ಲು ಎಬ್ಬಿಸಿ, ಬೇವಿನ ಸೊಪ್ಪನ್ನು ಹಗ್ಗಕ್ಕೆ ಕಟ್ಟಿ ನಾನೇ ಸಂಜೆತನಕ ಮೇಲೆ ಕೆಳಗೆ ಆಡಿಸಿದೆ. ಬೆಳಿಗ್ಗೆ ಬಿಸಿಲಿನಲ್ಲಿ ಕಂದೀಲು ಹಚ್ಚಿದೆ. ಬೈಕ್ ಒರೆಸುತ್ತಿದ್ದ ಮಂಜ, ಮುದುಕಿಯ ಊಟ ಆಯಿತೇನು ಅಂತ ಕೇಳಿ ನಕ್ಕ. ಅವನು ಹಗೇವಿಗೆ ಹೆದರುತ್ತಿದ್ದ, ಹಾಗಾಗಿ ನಗುತ್ತಿದ್ದ. ನಾನು ಅವನ ಕೈಯಿಂದ ಒದ್ದೆ ಅರಿವೆ ಕಸಿದು ಅವನ ಮುಖಕ್ಕೇ ಹೊಡೆದೆ. ಅಂಗಳದಲ್ಲೇ ಇಬ್ಬರೂ ಹೊಡೆದಾಡಿದೆವು, ಅಪ್ಪ ಬಿಡಿಸಿದ. ಕಂದೀಲು ಕೆಳಗಿನ ತನಕ ಇಳಿಯಿತು, ಜೋಳದ ಮೇಲೆ ಕೂತು ಸುಮ್ಮನೆ ಉರಿಯಿತು. ಆಯಿ ಕಣ್ಣು ಕಾಣದೆ ಕೇಳಿದಳು.

"ಬಿಟ್ಲೇನ್?"

"ಬಿಟ್ಟಾಳ."

"ಸುಳ್ ಹೇಳಬ್ಯಾಡ. ನೂರ ಎಣಸು, ಮತ್ತ ನೋಡು."

ನೂರು ಎಣಿಸಿ ನೋಡಿದೆ. ಉರಿಯುತ್ತಿತ್ತು. ಸೊಂಟಕ್ಕೆ ದಪ್ಪ ಹಗ್ಗ ಕಟ್ಟಿಕೊಂಡೆ, ಅದರ ತುದಿ ಅಪ್ಪನ ಕೈಯಲ್ಲಿ. ಆಯಿ ಇನ್ನೊಂದು ತೆಳ್ಳನೆಯ ಹುರಿ ತಂದಿದ್ದಳು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ತನ್ನ ಸೊಟ್ಟ ಮುಂಗೈಗೆ ಹಲ್ಲಿಲ್ಲದ ಬಾಯಿಂದ ಕಚ್ಚಿ ಎಳೆದು ಗಂಟು ಹಾಕಿಕೊಂಡಳು.

"ನಾ ಮ್ಯಾಲಿಂದ ಒದರ್ತೀನಿ. ಆಳದಾಗಿಂದ ನಿನ್ನ ಓ ನನಗ ಕೇಳೂದಿಲ್ಲ. ನೀ ಇದನ್ನ ಜಗ್ಗು. ಜಗ್ಗಲಿಲ್ಲಂದ್ರ ನಿಮ್ಮಪ್ಪ ಎಳೀತಾನ."

"ಆ ಕೈಗೆ ಯಾಕ್ ಕಟ್ಕೊಂಡಿ? ಎಡಗೈಗೆ ಕಟ್ಕೋ," ಅಂದೆ.

"ಇಳೀತೀಯೋ ಇಲ್ಲೋ?"

ಇಳಿದೆ. ಒಳಗೆ ಬೆಚ್ಚಗಿತ್ತು. ಜೋಳ ಮೊಣಕಾಲ ತನಕ ನುಂಗಿತು. ಕಂದೀಲಿನ ಬೆಳಕಿನಲ್ಲಿ ಗೋಡೆ ಹೊಳೆಯುತ್ತಿತ್ತು, ಮೇಲೆ ತಾಟಿನಷ್ಟು ಆಕಾಶ. ಹಿಂದಿನ ವರ್ಷ ಬಿದ್ದ ಕಂದೀಲಿನ ಗಾಜಿನ ಚೂರೊಂದು ಗೋಡೆಯ ಮಣ್ಣಿಗೆ ಸಿಕ್ಕಿಕೊಂಡು ಮಿಣುಕಿತು. ನಾನು ಇಲ್ಲೇ ಬಿದ್ದಿರುತ್ತಿದ್ದೆ ಅಂತ ಯೋಚಿಸಿದೆ. ಚೀಲ ಬಿಚ್ಚಿ ಬುಟ್ಟಿಯಿಂದ ತುಂಬತೊಡಗಿದೆ.

"ಯಲ್ಲ್ಯಾ!"

ಹುರಿಯನ್ನು ಹಗೂರಕ್ಕೆ ಎಳೆದೆ. ಆ ಕೈ ನನಗೆ ಗೊತ್ತಿತ್ತು. ಎಲುಬು ಎಲ್ಲಿ ಗಂಟು ಕಟ್ಟಿದೆ, ಮೋಡ ಬಂದರೆ ಎಲ್ಲಿ ನೋಯುತ್ತದೆ, ಎಲ್ಲ ಗೊತ್ತಿತ್ತು.

"ಯಲ್ಲ್ಯಾ! ಅದೀಯೋ ಸತ್ತಿಯೋ?"

ಮತ್ತೆ ಹಗೂರಕ್ಕೆ ಎಳೆದೆ, ಇರುವೆ ಎಳೆದ ಹಾಗೆ. ಮೇಲಿನ ತಾಟಿನಷ್ಟು ಆಕಾಶ ಮುಚ್ಚಿತು. ಆಯಿಯ ತಲೆ.

"ಗಟ್ಟಿ ಜಗ್ಗಲೇ ಭಾಡ್ಯಾ! ಮುದುಕಿ ಅಂತ ಕರುಣಾ ತೋರಸ್ತೀಯೇನ್? ಮುರೀವಾಗ ಎಲ್ಲಿ ಹೋಗಿತ್ತು ನಿನ್ನ ಕರುಣಾ?"

ನಾನು ಬುಟ್ಟಿ ಕೆಳಗಿಟ್ಟೆ. ಹುರಿಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ಗಟ್ಟಿಯಾಗಿ ಜಗ್ಗಿದೆ. ಮೇಲೆ ಆಕೆ ಹಲ್ಲಿಲ್ಲದ ವಸಡು ಕಚ್ಚಿದ್ದು ನನಗೆ ಇಲ್ಲಿಗೆ ತಿಳಿಯಿತು. ಆದರೂ ಆ ಕಡೆಯಿಂದ ಹುರಿ ಅಷ್ಟೇ ಗಟ್ಟಿಯಾಗಿ ನನ್ನನ್ನು ಜಗ್ಗಿತು.

"ಹಾಂ," ಅಂದಳು. "ಈಗ ತುಂಬು."